ಕುಂಬಾರ ಕಪ್ಪೆಯ ಲೊಕೇಶನ್ ಕೇಳುವವರಿಗೆ

ಮಳೆ ಹಿಡಿಯಿತು, ಮೆಸೇಜೂ ಶುರು: 'ಕುಂಬಾರ ಕಪ್ಪೆ ಎಲ್ಲಿ ಸಿಗುತ್ತೆ?' ಉತ್ತರ ಕನ್ನಡದ ಕತ್ತಲೆಕಾನು ಕಾಡಿನಲ್ಲಿ ಅನ್ನುವುದು 2014ರ ಸಂಶೋಧನಾ ಪ್ರಬಂಧದಲ್ಲೇ ಪ್ರಕಟವಾಗಿದೆ. ಅಷ್ಟು ಸಾಕು. ಯಾವ ಹಳ್ಳ, ಯಾವ ತಿರುವು ಅಂತ ಬೇಡ.

ಇದರ ಮೊಟ್ಟೆ ಇರುವುದು ನೀರಿನ ಮೇಲೆ ಬಾಗಿದ ಕಡ್ಡಿಯಲ್ಲೋ ಕಲ್ಲಿನ ಮೇಲೋ. ಹೆಣ್ಣು ಹೋದ ಮೇಲೆ ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಬಾಚಿ, ಹಿಂಗಾಲ ಮೇಲೆ ಎದ್ದು ನಿಂತು ಮೊಟ್ಟೆಗೆ ಮೆತ್ತುತ್ತೆ. ಥೇಟ್ ಗೋಡೆಗೆ ಮಣ್ಣು ಬಳಿದ ಹಾಗೆ. ಮೊಟ್ಟೆ ಒಣಗದಿರಲಿ, ಶತ್ರುಗಳ ಕಣ್ಣಿಗೆ ಬೀಳದಿರಲಿ ಅಂತಿರಬೇಕು.

ಫೋಟೊಕ್ಕೆ ಅಡ್ಡ ಅಂತ ಮುರಿಯುವ ಒಣಕಡ್ಡಿಯೇ ಅದರ ಬಾಣಂತಿಕೋಣೆ! ಹಳ್ಳದೊಳಗೆ ಇಳಿಯಬೇಡಿ, ಕದಡಿದ ನೀರಲ್ಲಿ ನಿಮಗೂ ಏನೂ ಕಾಣಲ್ಲ. ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಕಟ್ಟಿ. ಜಿಗಣೆಗೆ ಅಂತ ತಂಬಾಕು, ಸೊಳ್ಳೆಗೆ ಅಂತ ಕ್ರೀಮು ಸವರಿದ ಕೈಯಲ್ಲಂತೂ ಮುಟ್ಟಲೇಬೇಡಿ. ಕಪ್ಪೆ ಚರ್ಮದಿಂದಲೇ ನೀರು ಕುಡಿಯುವ ಜೀವ, ವಿಷವೂ ಅದೇ ದಾರಿಯಲ್ಲಿ ಒಳಗೆ ಹೋಗುತ್ತೆ. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟಿನ ಕೆಸರು ತೊಳೆದು ಪೂರ್ತಿ ಒಣಗಿಸಿ, ಕಪ್ಪೆಗಳ ಶಿಲೀಂಧ್ರ ರೋಗ ಹಸಿ ಬೂಟಲ್ಲೇ ಸವಾರಿ ಮಾಡುತ್ತೆ.

ಮೊಬೈಲ್ ಕ್ಯಾಮೆರಾದ ಲೊಕೇಶನ್ ಮೊದಲೇ ಆಫ್ ಮಾಡಿ. ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕುವುದಾದರೆ ಜಾಗ ಮಸುಕಾಗಿಸುವ ಆಯ್ಕೆ ಒತ್ತಿ. ಆಗ ಸುಮಾರು 20 ಕಿ.ಮೀ. ಅಗಲದ ಚೌಕದಲ್ಲಿ ಎಲ್ಲೋ ಒಂದು ಚುಕ್ಕಿ ಕಾಣುತ್ತೆ. ಆದರೆ ಅದೇ ಫೋಟೊಕ್ಕೆ ಹೋಮ್‌ಸ್ಟೇ ಹೆಸರು ಹಾಕಿ ಥ್ಯಾಂಕ್ಸ್ ಹೇಳಿದರೆ ಮುಗೀತು, ಮಸುಕಾಗಿಸಿದ ಜಾಗ ಎಲ್ಲರಿಗೂ ಗೊತ್ತಾಯ್ತು.

ಹುಡುಕುವುದಕ್ಕಿಂತ ಹುಡುಕಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳೋದೇ ಕಷ್ಟದ ಕೆಲಸ ಅನ್ನಿಸುತ್ತೆ ಒಮ್ಮೊಮ್ಮೆ. ಕೂಗು ಕೇಳಬೇಕಾ? ಕತ್ತಲಾದ ಮೇಲೆ ದಡದಲ್ಲಿ ಸುಮ್ಮನೆ ಕೂತರೂ ಕೇಳಿಸುತ್ತೆ.