ತೋರಣಗಲ್ಲಿನಿಂದ ಬೆಂಗಳೂರಿಗೆ ವಿಮಾನ: ದೂರ ಎಷ್ಟು, ಹೊತ್ತು ಎಷ್ಟು?

ಬಳ್ಳಾರಿಯವರಿಗೆ ವಿಮಾನ ಎಂದರೆ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣವೇ. ದೂರ ಹುಡುಕುವಾಗ ಅದರ ಮೂರಕ್ಷರದ ಕೋಡ್ ವಿಡಿವೈ (VDY) ಹಾಕಿ. ಬಿಇಪಿ (BEP) ಎಂದು ಹಾಕಿದರೆ ಬಳ್ಳಾರಿ ಊರಿನ ಹಳೇ ನಿಲ್ದಾಣ ಬರುತ್ತದೆ, ಲೆಕ್ಕವೆಲ್ಲ ತಪ್ಪುತ್ತದೆ.

ದೂರವನ್ನು ಕೈಲೆಕ್ಕದಲ್ಲೇ ತೆಗೆಯಬಹುದು. ವಿದ್ಯಾನಗರ 15.17 ಅಕ್ಷಾಂಶ, 76.63 ರೇಖಾಂಶ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣ 13.20, 77.71. ಅಕ್ಷಾಂಶದ ವ್ಯತ್ಯಾಸ 1.97, ಅದನ್ನು 111ರಿಂದ ಗುಣಿಸಿದರೆ 219 ಕಿ.ಮೀ. ರೇಖಾಂಶದ ವ್ಯತ್ಯಾಸ 1.08. ನಮ್ಮ ಸೀಮೆಯಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 108 ಕಿ.ಮೀ. ಹಿಡಿದರೆ ಸಾಕು, ಅದು 117 ಆಯಿತು. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 248 ಕಿ.ಮೀ. ಹೈದರಾಬಾದಿಗೂ ಹೀಗೇ ಮಾಡಿ, ಸುಮಾರು 300 ಬರುತ್ತದೆ. ಸಾವಿರಾರು ಕಿ.ಮೀ. ದೂರಕ್ಕೆ ಮಾತ್ರ ಈ ಲೆಕ್ಕ ನಡೆಯದು, ಭೂಮಿಯ ದುಂಡು ಅಡ್ಡ ಬರುತ್ತದೆ.

ಹೊತ್ತಿನ ವಿಷಯಕ್ಕೆ ಬಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಎಟಿಆರ್ ಎಂಬ ಪಂಖದ ಸಣ್ಣ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ ಅರ್ಧ ಗಂಟೆ ಎನಿಸುತ್ತದೆ. ಆದರೆ ಟಿಕೆಟ್‌ನಲ್ಲಿರುವುದು ವಿಮಾನ ಜಾಗ ಬಿಟ್ಟು ಹೊರಟ ಗಳಿಗೆಯಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಸಮಯ. ನೆಲದ ಓಟ, ಏರುವುದು, ಇಳಿಯುವ ಸರದಿ ಎಲ್ಲ ಸೇರಿ ಸುಮಾರು ಒಂದು ಗಂಟೆ ಹಿಡಿಯಬೇಕು. ಬೆಂಗಳೂರಿನ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಬೀಸುವಾಗ ಗಾಳಿಗೆ ಎದುರಾಗಿ ಇಳಿಯಬೇಕು. ವಾಯವ್ಯದಿಂದ ಬರುವ ನಮ್ಮ ವಿಮಾನ ನಿಲ್ದಾಣ ದಾಟಿ ಚಿಂತಾಮಣಿ ಕಡೆ ಹೋಗಿ ತಿರುಗಿ ಬರುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ದೇವನಹಳ್ಳಿಯ ಮಂಜಿನಿಂದ ಇನ್ನೂ ತಡವಾಗಬಹುದು.

ಈಗ ಮನೆಯಿಂದ ಲೆಕ್ಕ ಹಾಕಿ. ಬಳ್ಳಾರಿಯಿಂದ ತೋರಣಗಲ್ಲಿಗೆ 45 ನಿಮಿಷ, ನಿಲ್ದಾಣದಲ್ಲಿ 90, ಹಾರಾಟ 65, ಲಗೇಜಿಗೆ 20, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ 90. ಒಟ್ಟು ಐದು ಗಂಟೆ ಹತ್ತು ನಿಮಿಷ! ಚಳ್ಳಕೆರೆ, ಹಿರಿಯೂರು, ತುಮಕೂರಿನ ಮೇಲೆ ಕಾರಿನಲ್ಲಿ ಹೋದರೂ ಹೆಚ್ಚೆಂದರೆ ಇನ್ನೊಂದು ಗಂಟೆ. ಮೆಜೆಸ್ಟಿಕ್ ಸುತ್ತ ಕೆಲಸವಿದ್ದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮಲಗಿ ಹೋಗುವುದೇ ಮೇಲು.

ವಿಮಾನದ ನಿಜವಾದ ಲಾಭ ಬೆಂಗಳೂರಿನಿಂದ ಮುಂದೆ ಹಾರುವವರಿಗೆ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಬೇರೆಬೇರೆ ತೆಗೆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹಣ ಹೋಗುವುದು ನಿಮ್ಮದೇ. ಲಗೇಜನ್ನೂ ಬಿಡಿಸಿಕೊಂಡು ಮತ್ತೆ ಕೊಡಬೇಕು. ಅಂಥಲ್ಲಿ ಕನಿಷ್ಠ ಮೂರು ಗಂಟೆ ಅಂತರ ಇಡಿ, ಟರ್ಮಿನಲ್ ಒಂದೋ ಎರಡೋ ಮೊದಲೇ ನೋಡಿಕೊಳ್ಳಿ. ದುಬೈಗೆ ಹೋಗುವವರು ಗಮನಿಸಿ: ಟಿಕೆಟ್‌ನಲ್ಲಿ 10ಕ್ಕೆ ಹೊರಟು 12.30ಕ್ಕೆ ತಲುಪುವುದು ಎಂದಿದ್ದರೆ ಹಾರಾಟ ಎರಡೂವರೆ ಗಂಟೆಯದಲ್ಲ, ನಾಲ್ಕು ಗಂಟೆಯದು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಗೆ ಬದಲಾಗುತ್ತದೆ. ಅದಕ್ಕೇ, ಮುಂಚೆ ತೆಗೆದ ಟಿಕೆಟ್‌ನ ಸಮಯವನ್ನು ಹೊರಡುವ ಹಿಂದಿನ ವಾರ ಇನ್ನೊಮ್ಮೆ ನೋಡಿ.