ಅಮ್ಮನ ಕುರ್ಚಿ ಪ್ರಾಜೆಕ್ಟ್: ತೊಡೆ ಅಲ್ಲ, ಹಿಮ್ಮಡಿ!

ಅಂತೂ ಅಮ್ಮ ಎದ್ಲು! ಎರಡೂ ಕೈ ಎದೆ ಮೇಲೆ ಕಟ್ಕೊಂಡು, 43 ಸೆಂ.ಮೀ. ಎತ್ತರದ ಕುರ್ಚಿಯಿಂದ, ಯಾರೂ ಹಿಡೀದೆ. ವಯಸ್ಸು 72, ಶುಗರ್ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಕೈ ಊರದೆ ಏಳೋಕಾಗದೆ ಸಿಕ್ಕಾಕ್ಕೊಂಡಿರೋರು ಎಷ್ಟೋ ಮನೇಲಿರ್ತಾರೆ, ಅದಕ್ಕೇ ವಿವರವಾಗಿ ಬರೀತಿದೀನಿ.

ವಾರ್ಮಪ್ಪು, ಅಡುಗೆ ಕಟ್ಟೆ ಹಿಡ್ಕೊಂಡು ತುದಿಗಾಲಲ್ಲಿ ನಿಲ್ಲೋದು, ಕೂತ್ಕೊಂಡು ಕಾಲು ಚಾಚೋದು ಎಲ್ಲ ನಿಮಗೆ ಗೊತ್ತಿರೋದೇ, ಬಿಟ್ಟೆ. ಕಾಲಿಗೆ ಕಟ್ಟೋ ತೂಕದ ಬಗ್ಗೆ ಮಾತ್ರ ಹೇಳ್ಲೇಬೇಕು. ವಯಸ್ಸಾದೋರು ಬೀಳದೆ ಇರ್ಲಿ ಅಂತ ಮಾಡಿಸೋ ನ್ಯೂಜಿಲೆಂಡಿನ ಒಟಾಗೊ ವ್ಯಾಯಾಮದಲ್ಲಿ ಬರೋ ಥರದ್ದು ಬೇಕು ಅಂತ ಆನ್‌ಲೈನಲ್ಲಿ ಅರ್ಧರ್ಧ ಕೆಜಿ ಜೋಡಿ ತರಿಸಿದ್ರೆ, ತಕ್ಕಡೀಲಿ ಒಂದು 410 ಗ್ರಾಂ, ಇನ್ನೊಂದು 470! ಜೊತೆಗೆ ಹೊಲಿಗೆ ಬಿಚ್ಚಿ ಮರಳು ಬೇರೆ ಸೋರುತ್ತೆ. ಅಮ್ಮನ ಥರ ಶುಗರಿಂದ ಪಾದದಲ್ಲಿ ಸ್ಪರ್ಶ ಇಲ್ಲದೋರ ಚಪ್ಪಲಿಗೆ ಮರಳು ಸೇರಿದ್ರೆ ಹುಣ್ಣಾಗೋ ತನಕ ಗೊತ್ತೇ ಆಗಲ್ಲ ಕಣ್ರೀ, ಇಂಥದ್ದನ್ನ ವಯಸ್ಸಾದೋರಿಗೆ ಅಂತ ಮಾರೋಕೆ ಮನಸ್ಸಾದ್ರೂ ಹೇಗೆ ಬರುತ್ತೋ. ವಾಪಸ್ ಕೇಳಿದ್ರೆ ಸೀಲ್ ಒಡ್ದಿದೆ ಅಂದ್ರು. ಟೈಲರ್ ಹತ್ರ ಜೀನ್ಸ್ ಬಟ್ಟೆ ಚೀಲ ಹೊಲಿಸಿ ಹೆಸರುಕಾಳು ತೂಗಿ ತುಂಬಿಸ್ದೆ. "ಕಾಲಿಗೆ ಕೋಸಂಬರಿ ಕಟ್ಟಿದ್ಯಲ್ಲೋ" ಅಂದ್ಲು ಅಮ್ಮ.

ಈಗ ಅಸಲಿ ತಲೆನೋವು. ತೊಡೆ ಗಟ್ಟಿ ಆಯ್ತು, ತೂಕ ಏರಿಸಿದ್ರೂ ಆರಾಮಾಗಿ ಎತ್ತುತಾಳೆ, ನಡಿಗೆನೂ ಸುಧಾರಿಸ್ತು, ಆದ್ರೆ ಕೈ ಊರದೆ ಏಳು ಅಂದ್ರೆ ಸೊನ್ನೆ. ಅರ್ಧ ಎದ್ದು ದಡಕ್ಕಂತ ಹಿಂದಕ್ಕೇ ಕೂತುಬಿಡೋಳು. ನೋಡಿದೋರೆಲ್ಲ ತೊಡೇಲಿ ಶಕ್ತಿ ಸಾಲ್ದು ಅನ್ನೋರೇ. ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿದ್ರೆ ಏಳ್ತಾಳೆ, ತೆಗೆದ್ರೆ ಇಲ್ಲ.

ಕೊನೆಗೆ ಫೋನನ್ನ ನೆಲದ ಮಟ್ಟದಲ್ಲಿಟ್ಟು ಪಕ್ಕದಿಂದ ವಿಡಿಯೋ ತೆಗ್ದು ನಿಧಾನಕ್ಕೆ ಓಡಿಸಿ ನೋಡಿದ್ರೆ ವಿಷಯ ಅಲ್ಲಿತ್ತು. ಏಳ್ಬೇಕಂದ್ರೆ ಪಾದ ಮಂಡಿಗಿಂತ ಹಿಂದೆ ಬರ್ಬೇಕು, ಮೊಣಕಾಲು ಮುಂದಕ್ಕೆ ವಾಲ್ಬೇಕು, ಆಗ್ಲೇ ಮೈಭಾರ ಪಾದದ ಮೇಲೆ ಬರೋದು. ಅಮ್ಮ ಪಾದ ಹಿಂದೆ ಎಳೆದ ತಕ್ಷಣ ಹಿಮ್ಮಡಿ ನೆಲ ಬಿಡ್ತಿತ್ತು! ಆಸ್ಪತ್ರೇಲಿ 10 ಗ್ರಾಂ ಮೊನೊಫಿಲಮೆಂಟ್ (ಸ್ಪರ್ಶ ಪರೀಕ್ಷೆ ಮಾಡೋ ನೈಲಾನ್ ಎಳೆ) ಕಾಲಿನ ಹೆಬ್ಬೆರಳಿಗೆ ಒತ್ತಿದಾಗ್ಲೇ ಗೊತ್ತಾಗ್ತಿರ್ಲಿಲ್ಲ, ಇನ್ನು ಹಿಮ್ಮಡಿ ಎದ್ದಿದ್ದು ಎಲ್ಲಿ ಗೊತ್ತಾಗುತ್ತೆ. ಬೀಳ್ತೀನಿ ಅನ್ನೋದೊಂದೇ ಅವಳಿಗೆ ಗೊತ್ತಾಗೋದು. ಗೋಡೆಗೆ ಕಾಲ್ಬೆರಳು ತಾಗಿಸಿ ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ಮುಟ್ಟಿಸು ಅಂದ್ರೆ ಎಡಗಾಲು ಹೆಂಗೋ ಮುಟ್ತು, ಬಲಗಾಲು ಆಗ್ಲೇ ಇಲ್ಲ, ಅಂದ್ರೆ ಹಿಮ್ಮಡಿ ಹಿಂಭಾಗ ಬಿಗಿ ಆಗಿದೆ. ವರ್ಷಗಟ್ಲೆ ರಕ್ತದಲ್ಲಿ ಶುಗರ್ ಜಾಸ್ತಿ ಇದ್ರೆ ಅದು ಸ್ನಾಯುರಜ್ಜಿನ (ಸ್ನಾಯುವನ್ನ ಮೂಳೆಗೆ ಕಟ್ಟೋ ಹುರಿ) ಕೊಲಾಜನ್ ಅನ್ನೋ ಪ್ರೋಟೀನಿಗೆ ಅಂಟ್ಕೊಂಡು ಬಿಗಿ ಮಾಡಿಬಿಡುತ್ತೆ, ಹಿಮ್ಮಡಿ ಮೇಲಿನ ದೊಡ್ಡ ಸ್ನಾಯುರಜ್ಜಿಗೂ ಅದೇ ಕಥೆ. ಅಮ್ಮ ದೇವರಿಗೆ ಕೈ ಮುಗಿದಾಗ ಕಿರುಬೆರಳುಗಳ ನಡುವೆ ಒಂದು ಸಂದಿ ಕಾಣುತ್ತೆ, ಅಂಗೈ ಪೂರ್ತಿ ಕೂಡಲ್ಲ, ಅದೂ ಇದೇ.

ಫಿಸಿಯೋಗೆ ವಿಡಿಯೋ ತೋರಿಸಿದ್ಮೇಲೆ ದಾರಿ ಸಿಕ್ತು: ಸದ್ಯಕ್ಕೆ ಹಿಮ್ಮಡಿ ಕೆಳಗೆ ಮರದ ಓರೆಹಲಗೆ, ಜೊತೆಗೆ ಮೀನಖಂಡ ಎಳೆಯೋ ವ್ಯಾಯಾಮ. ಬಡಗಿಗೆ 2 ಸೆಂ.ಮೀ. ಅಂತ ಚೀಟೀಲಿ ಬರ್ಕೊಟ್ರೂ ನಾಳೆ ನಾಳೆ ಅಂತ ಎಳೆದಾಡಿ ಕೊನೆಗೆ 4 ಸೆಂ.ಮೀ. ಮಾಡ್ಕೊಂಡು ಬಂದ, "ಎತ್ತರ ಇದ್ರೆ ಒಳ್ಳೇದಲ್ವಾ ಸಾರ್" ಅಂತ! ನಿಂತು ಅವನ ಕೈಲೇ ಹತ್ರಿ ಹೊಡೆಸ್ದೆ. ನಮ್ದು ಹಳೇ ರೆಡ್ ಆಕ್ಸೈಡ್ ನೆಲ, ಹಲಗೆ ಜಾರುತ್ತೆ, ಅಡಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸ್ಬೇಕಾಯ್ತು.

ಹಲಗೆ ಇಟ್ಟ ಸಂಜೆನೇ ಎದ್ಲು. ತೊಡೆ ತಪ್ಪಿಲ್ಲ ಅಂತ ಅಲ್ಲೇ ಖಾತ್ರಿ ಆಯ್ತು. ಆಮೇಲೆ ಮಳೆಗಾಲ ಪೂರ್ತಿ ಗೋಡೆ ಹಿಡ್ಕೊಂಡು ಎಳೆತ, ಒಂದ್ಸಲ ಮಂಡಿ ನೆಟ್ಟಗೆ, ಒಂದ್ಸಲ ಸ್ವಲ್ಪ ಬಗ್ಗಿಸಿ, 30 ಸೆಕೆಂಡ್ ಹಿಡಿಯೋದು, ಬರಿಗಾಲಲ್ಲಿ ಅಲ್ಲ, ಹಿಂದೆ ಪಟ್ಟಿ ಇರೋ ಎಂಸಿಆರ್ (ಶುಗರ್ ಇರೋರ ಪಾದಕ್ಕೆ ಮೆತ್ತನೆ ರಬ್ಬರಿನ) ಚಪ್ಪಲೀಲೇ. ಹಿಮ್ಮಡಿ ಕೆಳಗೆ ಪೇಪರ್ ಚೂರು ಇಟ್ಟು ನಾನು ಎಳೀತಿದ್ದೆ, ಹರಿದ್ರೆ ಪಾಸು, ಸಲೀಸಾಗಿ ಬಂದ್ರೆ ಹಿಮ್ಮಡಿ ಎದ್ದಿದೆ ಅಂತ. ಕಾಲು ಹೇಳದ್ದನ್ನ ಕಣ್ಣಿಗೆ ಕಾಣಿಸ್ಬೇಕಲ್ಲ. ಹಲಗೆ ಒಂದೂವರೆಗೆ ಇಳೀತು, ಒಂದಕ್ಕೆ ಇಳೀತು, ಈಗ ಬೇಡವೇ ಬೇಡ.

ಗ್ಲಿಮೆಪಿರೈಡ್ (ಶುಗರ್ ಇಳಿಸೋ ಮಾತ್ರೆ) ತಗೊಳ್ಳೋರು ವ್ಯಾಯಾಮಕ್ಕೆ ಮೊದ್ಲು ಗ್ಲೂಕೋಮೀಟರ್ ನೋಡಿ, 100ಕ್ಕಿಂತ ಕೆಳಗಿದ್ರೆ ಏನಾದ್ರೂ ತಿಂದೇ ಶುರು ಮಾಡಿ. ಎದ್ದ ತಕ್ಷಣ ನಡೆಸ್ಬೇಡಿ, ಬಿಪಿ ಇಳಿದು ತಲೆ ಸುತ್ತಬಹುದು. ಪಾದದಲ್ಲಿ ಗಾಯ ಇದ್ರೆ ಇದ್ಯಾವ್ದೂ ಬೇಡ, ಡಾಕ್ಟ್ರ ಹತ್ರ ಹೋಗಿ.

ಅಂದಹಾಗೆ ಟ್ಯೂಬ್ ಹುಡುಕೋಕೆ ಅಟ್ಟ ಹತ್ತಿದಾಗ ಹಳೇ ಬಾವಿ ರಾಟೆ ಸಿಕ್ತು! ಅಮ್ಮನ ಬಲಭುಜ ಹಿಡ್ಕೊಂಡಿದೆ, ಶುಗರ್ ಇರೋರಿಗೆ ಅದು ಜಾಸ್ತಿ. ಜಂತಿಗೆ ರಾಟೆ ಕಟ್ಟಿ, ಹಗ್ಗದ ಒಂದೊಂದು ತುದಿ ಒಂದೊಂದು ಕೈಗೆ ಕೊಟ್ಟು, ಒಳ್ಳೇ ಕೈಯಿಂದ ನೋವಿನ ಕೈ ಮೇಲೆತ್ತಿಸೋ ಪ್ಲಾನು. ಬೇರಿಂಗ್ ತುಕ್ಕು ಹಿಡಿದಿದೆ, ಯಾರ ಹತ್ರ ಆದ್ರೂ ಹಿತ್ತಾಳೆ ಬುಷ್ ಸಿಗುತ್ತಾ?

ಸದ್ಯಕ್ಕೆ ಕುರ್ಚಿಯಿಂದ ಕೈ ಊರದೆ ಏಳೋ ಲೆಕ್ಕ 30 ಸೆಕೆಂಡಿಗೆ 4 ಸಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಪಟ್ಟೀಲಿ 70ರಿಂದ 74ರ ಹೆಂಗಸರಿಗೆ 10ಕ್ಕಿಂತ ಕಮ್ಮಿ ಅಂದ್ರೆ ಬೀಳೋ ಅಪಾಯ, ಹಂಗಾಗಿ ಇನ್ನೂ ದೂರ ಇದೆ. ಅಮ್ಮನ ಗುರಿ ಬೇರೇನೇ, ಮಾಘದಲ್ಲಿ ಮದುವೆ ಇದೆ, ಛತ್ರದ ಪ್ಲಾಸ್ಟಿಕ್ ಕುರ್ಚಿಯಿಂದ ತಾನೇ ಎದ್ದು ಅಕ್ಷತೆ ಹಾಕ್ಬೇಕಂತೆ. ಆ ಕುರ್ಚಿ ತಗ್ಗು, ಮೇಲಿಂದ ಅದರ ಕಾಲು ಬೇರೆ ಅಗಲ ಬಿಡುತ್ತೆ. ಪ್ರಾಕ್ಟೀಸಿಗೆ ಒಂದು ಕೊಡಿ ಅಂದ್ರೆ ಅಂಗಡಿಯೋನು ನಾಲ್ಕರ ಸೆಟ್ಟೇ ತಗೋಬೇಕು ಅಂತಾನೆ, ನಾಳೆ ಶಾಮಿಯಾನದೋರ ಹತ್ರ ಒಂದು ಬಾಡಿಗೆಗೆ ಕೇಳ್ತೀನಿ.