ಅಫಾಯಾ ದೇವಿಯ ಈಜಿನಾ: ಇಳಿಯುವ ಮೊದಲೇ ವಾಪಸ್ ಬಸ್ ಕೇಳಿಕೊಳ್ಳಿ

ನಾನಿರುವುದು ಮ್ಯೂನಿಕ್‌ನಲ್ಲಿ. ಇಲ್ಲಿನ ಗ್ಲಿಪ್ಟೊಥೆಕ್ ಮ್ಯೂಸಿಯಂನಲ್ಲಿ ಗುರಾಣಿ ಹಿಡಿದೇ ಕುಸಿಯುತ್ತಿರುವ ಯೋಧನ ಶಿಲ್ಪವಿದೆ. ಗ್ರೀಸ್‌ನ ಈಜಿನಾ ದ್ವೀಪದ ಅಫಾಯಾ ದೇವಾಲಯದಲ್ಲಿ 1811ರಲ್ಲಿ ಸಿಕ್ಕಿದ್ದು. ಬವೇರಿಯಾದ ಯುವರಾಜ ಲುಡ್ವಿಗ್ ಕೊಂಡು ತರಿಸಿದ. ಅದು ಹೊರಟುಬಂದ ಜಾಗ ನೋಡಬೇಕೆಂದು ಕಳೆದ ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೋದೆ. ಹಾಗಾಗಿ ಮೊದಲೇ ಹೇಳುತ್ತೇನೆ: ಮೂಲ ಶಿಲ್ಪಗಳನ್ನು ಹುಡುಕಿಕೊಂಡು ಅಲ್ಲಿಗೆ ಹೋದರೆ ನಿರಾಸೆಯಾಗುತ್ತದೆ.

ಕಂಬಗಳನ್ನು ನೋಡಲು ಹೋಗಿ. ಸುಮಾರು ಕ್ರಿ.ಪೂ. 500ರವು, 32ರಲ್ಲಿ 25 ಇನ್ನೂ ನಿಂತಿವೆ. ಹೆಚ್ಚಿನವು ಒಂದೇ ಕಲ್ಲಿನವು. ಹತ್ತಿರ ಹೋದರೆ ಸುಣ್ಣಕಲ್ಲು ಬಿಸಿಲು ಮಳೆಗೆ ಸವೆದು ತೂತುತೂತಾಗಿರುವುದು ಕಾಣುತ್ತದೆ. ಮಿನೋಸ್ ರಾಜನಿಂದ ತಪ್ಪಿಸಿಕೊಂಡು ಕ್ರೀಟ್ ದ್ವೀಪದಿಂದ ಬಂದ ಪುರಾಣದ ಅಪ್ಸರೆ ಬ್ರಿಟೊಮಾರ್ಟಿಸ್ ಇಲ್ಲಿ ಮಾಯವಾದಳಂತೆ. ಅಫಾಯಾ ಎಂದರೆ ಕಣ್ಮರೆಯಾದವಳು. ಅಮ್ಮ ಆ ಕಥೆ ಕೇಳಿ ಚಪ್ಪಲಿ ಬಿಟ್ಟು ಕೈಮುಗಿದರು.

ತೊಂದರೆಯಾಗಿದ್ದು ಬಸ್ಸಿನಿಂದ. ಬಂದರಿನಿಂದ ಕಡಲತೀರದ ಊರು ಆಯಿಯಾ ಮರೀನಾ ಕಡೆಗೆ ಹೋಗುವ ಬಸ್ ದೇವಾಲಯದ ಮುಂದೆಯೇ ಇಳಿಸುತ್ತದೆ. ವಾಪಸಾತಿಗೆ ನಾನು ಮೊಬೈಲ್‌ನಲ್ಲಿ ಇಟ್ಟುಕೊಂಡಿದ್ದು ಬೇಸಿಗೆಯ ವೇಳಾಪಟ್ಟಿ. ಒಂದೂವರೆ ಗಂಟೆ ಕಾದರೂ ಬಸ್ ಇಲ್ಲ. ನಾನೊಬ್ಬಳೇ ಆಗಿದ್ದರೆ ಪೈನ್ ಮರಗಳ ನಡುವಿನ ಕಾಲುದಾರಿಯಲ್ಲಿ ಅರ್ಧ ಗಂಟೆಯಲ್ಲಿ ಆಯಿಯಾ ಮರೀನಾಕ್ಕೆ ಇಳಿದುಬಿಡುತ್ತಿದ್ದೆ. ಅಮ್ಮನ ಮಂಡಿಗೆ ಆ ಇಳಿಜಾರು ಆಗುವಂಥದ್ದಲ್ಲ. ಕೊನೆಗೆ ಟ್ಯಾಕ್ಸಿ ಕರೆಸಿದೆ. ದರ ಮೊದಲೇ ಮಾತಾಡಲಿಲ್ಲ, 40 ಯೂರೊ ಕೊಟ್ಟೆ. ಹತ್ತಿಸಿಕೊಂಡು ಬಂದ ಬಸ್ ಡ್ರೈವರನ್ನೇ ‘ವಾಪಸ್ ಎಷ್ಟು ಹೊತ್ತಿಗೆ?’ ಎಂದು ಕೇಳಿ ಬರೆದುಕೊಳ್ಳಿ. ನೀರು, ಟೋಪಿ ಇರಲಿ.

ಊಟದ ಚಿಂತೆ ಬೇಡ. ಬಂದರಿನ ಮೀನು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಆರೇಳು ಮೇಜಿನ ಒಂದು ಹೋಟೆಲು. ಹೊರಗೆ ಸುಟ್ಟ ಆಕ್ಟೋಪಸ್ ವಾಸನೆ. ಅಪ್ಪಟ ಸಸ್ಯಾಹಾರಿ ಅಮ್ಮ ಬಾಗಿಲಲ್ಲೇ ನಿಂತರು. ಒಳಗೆ ಕೂತ ಮೇಲೆ ಫಾವಾ ಬಂತು: ಬೇಯಿಸಿ ನುಣ್ಣಗೆ ಅರೆದ ಹಳದಿ ಬೇಳೆ, ಮೇಲೆ ಹಸಿ ಈರುಳ್ಳಿ, ಧಾರಾಳ ಆಲಿವ್ ಎಣ್ಣೆ. ಒಗ್ಗರಣೆಯೊಂದಿಲ್ಲದ ನಮ್ಮ ತೊವ್ವೆಯೇ. ಜೊತೆಗೆ ನಿಂಬೆ ಹಿಂಡಿದ ಬೇಯಿಸಿದ ಸೊಪ್ಪು, ಟೊಮೆಟೊ ರಸದಲ್ಲಿ ಬೆಂದ ದಪ್ಪ ಬಿಳಿ ಕಾಳು, ಬಿಸಿ ಬ್ರೆಡ್. ಇಬ್ಬರಿಗೂ ಸೇರಿ 21 ಯೂರೊ. ಕೊನೆಗೆ ಅಲ್ಲಿಯದೇ ಪಿಸ್ತಾ ಒಂದು ಹಿಡಿ, ದುಡ್ಡು ತಗೊಳ್ಳಲಿಲ್ಲ. ಮರುದಿನ ರಾತ್ರಿ ಅಮ್ಮನೇ ಮುಂದೆ ನಡೆದು ಆ ಗಲ್ಲಿಗೆ ಕರೆದೊಯ್ದರು.